ದೊಡ್ಡಪ್ಪನ ಹಲ್ಲುಸೆಟ್ಟಿಗೆ ಗಿಡಮೂಲಿಕೆ

ಮಾತು ಶುರುಮಾಡುವ ಮುಂಚೆ ನಮ್ಮ ದೊಡ್ಡಪ್ಪ ಹೆಬ್ಬೆರಳಿನಿಂದ ಮೇಲಿನ ಹಲ್ಲುಸೆಟ್ಟನ್ನು ಒಮ್ಮೆ ಒತ್ತಿಕೊಳ್ಳುತ್ತಾರೆ. ಮಲಗುವಾಗಲೂ ಅದನ್ನು ತೆಗೆಯುವುದಿಲ್ಲ. ಅವರ ಬೊಚ್ಚುಬಾಯನ್ನು ದೊಡ್ಡಮ್ಮನೇ ನೋಡಿಲ್ಲವಂತೆ. ನಾನು ದೇವನಹಳ್ಳಿಯ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ಕೆಲಸಕ್ಕಿದ್ದೇನೆ. ವಿಚಿತ್ರ ಕೇಸುಗಳೆಲ್ಲ ಅಲ್ಲಿಗೇ ಬರುತ್ತವೆ ಅಂದುಕೊಂಡಿದ್ದೆ. ಬೂದಿಗೆರೆಯ ನಮ್ಮ ಮನೆಯಲ್ಲೇ ಅದಕ್ಕಿಂತ ಜಾಸ್ತಿ.

೧. ಬೇವು

ಮೊಮ್ಮಗಳ ಬೀಗರೂಟಕ್ಕೆ ತಿಂಗಳಿರುವಾಗ ದೊಡ್ಡಪ್ಪನ ಬಾಯಲ್ಲಿ ಬಿಳಿ ಪೊರೆ ಕಟ್ಟಿತು. ಫಂಗಸ್. ಸಾರು ತಾಗಿದರೆ ಉರಿ, ಮೂರು ಹೊತ್ತೂ ಮೊಸರನ್ನ. ಬೀಗರೂಟದ ಮಟನ್ ಕೈತಪ್ಪುವ ಭಯಕ್ಕೆ ಮೊಬೈಲಿಗೆ ಬಂದ ಮೆಸೇಜುಗಳನ್ನೆಲ್ಲ ಓದಿ, ಗಿಡದ ರಸವೇ ಮದ್ದು ಎಂದು ತೀರ್ಪು ಕೊಟ್ಟರು. ಬೇವಿನೆಲೆ ಕುದಿಸಿ ದಿನಕ್ಕೆ ಆರು ಸಲ ಮುಕ್ಕಳಿಸಿದರು. ಸೆಟ್ಟು ಬಾಯಲ್ಲೇ ಇತ್ತು. ಫಂಗಸ್ಸು ಅದರಡಿಯಲ್ಲಿ, ಮಳೆಗೆ ಬಸ್‌ಸ್ಟಾಪಿನಲ್ಲಿ ನಿಂತವರ ಹಾಗೆ, ಹನಿಯೂ ತಾಗದೆ ಸುಖವಾಗಿತ್ತು. ಸೆಟ್ ತೆಗೆದು ಮುಕ್ಕಳಿಸಿ ಅಂದೆ. ನನ್ನ ದನಿಯೇ ಅಷ್ಟು ಮೆಲ್ಲಗೆ, ಬೆಕ್ಕು ಮಾತ್ರ ತಿರುಗಿ ನೋಡಿತು.

೨. ಅರಿಶಿನ

ಬೇವು ಸೋತ ಮೇಲೆ ಅರಿಶಿನಕ್ಕೆ ಬೆಳ್ಳುಳ್ಳಿ ರಸ ಕಲಸಿ ಬಳಿದುಕೊಂಡರು, ಅದೂ ಸೆಟ್ಟಿನ ಮೇಲೆಯೇ. ಬೆಳ್ಳುಳ್ಳಿಗೆ ತುಟಿ ಸುಟ್ಟಿತು. ಹಲ್ಲು ಹಳದಿಯಾಯಿತು, ಎಷ್ಟು ಉಜ್ಜಿದರೂ ಹೋಗಲಿಲ್ಲ. ದೊಡ್ಡಮ್ಮ ತಲೆಯೆತ್ತದೆ ಅವರೆಕಾಳು ಹಿತುಕುತ್ತಾ ಕೇಳಿದರು: "ಹಲ್ಲಿಗೆ ಅರಿಶಿನಶಾಸ್ತ್ರ ಆಯ್ತು. ಧಾರೆ ಯಾವತ್ತು?"

೩. ಕ್ಲಿನಿಕ್

ಬೀಗರೂಟಕ್ಕೆ ಎರಡು ವಾರ ಉಳಿದಾಗ ದೊಡ್ಡಪ್ಪ ನಮ್ಮ ಕ್ಲಿನಿಕ್ಕಿಗೆ ಬಂದರು. ಮನೆ ಹುಡುಗಿ ಎದುರಿಗೆ ಸೆಟ್ ತೆಗೆಯಲ್ಲ ಎಂದು ನನ್ನನ್ನು ಆಚೆ ಕಳಿಸಿದರು. ಬಾಗಿಲ ಹಿಂದಿನಿಂದ ಡಾಕ್ಟರ ದನಿ ಕೇಳಿತು: "ಯಜಮಾನ್ರೇ, ದಿನಾ ರಾತ್ರಿ ಇದನ್ನ ತೆಗೆದು, ಉಜ್ಜಿ, ನೀರಲ್ಲಿ ಹಾಕಿಟ್ಟು ಮಲಗ್ಬೇಕು." ಜೊತೆಗೆ ಬಾಯಿಗೆ ಬಿಟ್ಟುಕೊಳ್ಳುವ ಹನಿ ಔಷಧಿ ಬರೆದುಕೊಟ್ಟರು. ಸೆಟ್ ತೆಗೆಯಿರಿ ಅಂತ ನಾನು ಹೇಳಿದ್ದೂ ಅದನ್ನೇ. ದೊಡ್ಡಪ್ಪ ಆಚೆ ಬಂದು, "ಇದನ್ನ ನೀನು ಮೊದ್ಲೇ ಹೇಳ್ಬಾರ್ದಾಗಿತ್ತಾ?" ಅಂದರು.

೪. ಬೀಗರೂಟ

ಬಾಯಿ ವಾಸಿಯಾಯಿತು. ಬೀಗರೂಟದಲ್ಲಿ ಎರಡು ಮುದ್ದೆ ಮುರಿದು, ಮೂರು ಸಲ ಮಟನ್ ಹಾಕಿಸಿಕೊಂಡರು. ಪಕ್ಕದಲ್ಲಿ ಕೂತ ಹೊಸ ಬೀಗರು, ತಮಗೂ ಬಾಯಿ ಹುಣ್ಣೆಂದು ಬರೀ ಅನ್ನ ಕಲಸುತ್ತಿದ್ದರು. ದೊಡ್ಡಪ್ಪ ಹೆಬ್ಬೆರಳಲ್ಲಿ ಹಳದಿ ಹಲ್ಲು ಒತ್ತಿಕೊಂಡು, ತಮ್ಮನ್ನು ಉಳಿಸಿದ್ದು ಬೇವು-ಅರಿಶಿನವೇ, ಡಾಕ್ಟರ ಹನಿ ಬರೀ ನೆಪ ಎಂದು ಇಡೀ ಪಂಕ್ತಿಗೆ ಕೇಳುವಂತೆ ಹೇಳಿದರು. ಜುಬ್ಬದ ಜೇಬಿನಿಂದ ಹಳದಿ ರಸದ ಬಾಟಲಿಯೊಂದು ಆಚೆ ಬಂತು. ಆಮೇಲೆ ಪೆನ್ನು. ಎರಡೂ ನನ್ನ ಎಲೆಯ ಪಕ್ಕ ಬಂದು ಕೂತವು.

"ಮಗಾ, ನೀನು ಇಂಗ್ಲಿಷ್ ಮೀಡಿಯಂನೋಳು, ಕ್ಲಿನಿಕ್ಕಲ್ಲಿ ಬೇರೆ ಇದೀಯ. ಇದ್ರ ಮೇಲೆ 'ಡಾಕ್ಟರ್ ಅಪ್ರೂವ್ಡ್' ಅಂತ ಚೆನ್ನಾಗಿ ಬರ್ಕೊಡು, ಬೀಗರಿಗೆ ನಂಬಿಕೆ ಬರ್ಲಿ."