ಬೋನಿ ಮಾಸ್ತರರ ಕಾರಿಗೆ ಪಾವಿನವನ ಹಾರ್ನು

ಇನ್ನು ಮುಂದೆ ಈ ಮನೆಯ ಹೊಸ್ತಿಲನ್ನು ಯಾವ ಮೆಕ್ಯಾನಿಕ್ಕೂ, ಯಾವ ಪ್ಲಂಬರನೂ ತುಳಿಯಕೂಡದು ಎಂದು ಬೋನಿಫಾಸ್ ಕೊಲಾಸೊ ಮಾಸ್ತರರು ಸೋಮವಾರ ಬೆಳಿಗ್ಗೆ ಚಹಾ ಕುಡಿಯುತ್ತ ಘೋಷಿಸಿದರು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು ಅವರು. ಸನ್ನೆಗೋಲಿನ ತತ್ವ ತಿಳಿದವನಿಗೆ ಸ್ಪ್ಯಾನರ್ ಯಾವ ಮಹಾ ಎಂಬುದು ಅವರ ವಾದ.

ಹೆಂಡತಿ ತಿನಾಬಾಯಿ ಪಾವು ಬ್ರೆಡ್ಡಿನ ತುಂಡನ್ನು ಚಹಾದಲ್ಲಿ ಅದ್ದಿದರು.

"ಕಾರು?"

"ಕಾರೂ ನಾನೇ."

"ಹಾಗಾದ್ರೆ ಕೇಳು ಬೋನಿ. ಶನಿವಾರ ಐದು ಗಂಟೆಗೆ ನಮ್ಮ ಕೇರಿಯ ಶಿಲುಬೆ ಹತ್ರ ಲದಾಯ್ನ್ ಪ್ರಾರ್ಥನೆ. ಹಳೇ ಪದ್ಧತೀಲಿ ಹಾಡೋಕೆ ಬರೋದು ಲೊಟಲಿ ಊರಲ್ಲಿರೋ ನನ್ನ ದೊಡ್ಡಮ್ಮ, ತಿಯಾ ಅರ್ಸುಲಾಗೆ ಮಾತ್ರ. ಅವರನ್ನ ನಿನ್ನ ಕಾರಲ್ಲೇ ಕರ್ಕೊಂಡು ಬರೋಣ. ದಾರೀಲಿ ನಾವ್ಯಾರೂ ಇಳಿದು ತಳ್ಳೋ ಹಾಗಾಗ್ಬಾರ್ದು. ತಳ್ಳಿದ್ವೋ, ಸೋಮವಾರ ಗುಜರಿಯವನು ಬರ್ತಾನೆ. ಮಾತಾಡಿ ಆಗಿದೆ."

ಮಾಸ್ತರರು ಚಹಾದ ಕಪ್ಪನ್ನು ಕೆಳಗಿಟ್ಟು ಅಂಗಳದತ್ತ ಇಣುಕಿದರು. ಆ ನೀಲಿ ಕಾರಿಗೆ ಮೂವತ್ತನಾಲ್ಕು ವರ್ಷ. ಮದುವೆಯ ದಿನ ಇಬ್ಬರನ್ನೂ ಚರ್ಚಿನಿಂದ ಮನೆಗೆ ತಂದದ್ದು ಅದೇ. ಮಗಳು ಇನ್ನೇನು ಅದರ ಹಿಂದಿನ ಸೀಟಿನಲ್ಲೇ ಹುಟ್ಟುವವಳಿದ್ದಳು. ಎರಡು ನಿಮಿಷದ ಅಂತರದಲ್ಲಿ ಆ ಗೌರವ ಆಸ್ಪತ್ರೆಗೆ ಸಂದಿತು. ಅಂಥ ಕಾರು ಗುಜರಿಗೆ?

ಮಾಸ್ತರರು ನೋಟ್‌ಬುಕ್ ತೆರೆದು ಬರೆದರು. ಅಡುಗೆಮನೆಯ ನಲ್ಲಿ: ನಿಮಿಷಕ್ಕೆ ಹದಿನಾಲ್ಕು ಹನಿ ಸೋರುತ್ತಿದೆ. ರೇಡಿಯೇಟರ್: ಬೇಗ ಕಾಯುತ್ತಿದೆ. ಹಾರ್ನು: ಕೆಮ್ಮುತ್ತಿದೆ.

ಮೊದಲ ಎರಡಕ್ಕೂ ಕಾರಣ ಗಡಸು ನೀರಿನ ಸುಣ್ಣದ ಕಿಟ್ಟ. ಸುಣ್ಣಕ್ಕೆ ಮದ್ದು ಆಮ್ಲ. ಮನೆಯಲ್ಲಿದ್ದ ಉತ್ತಮ ಆಮ್ಲವೆಂದರೆ ತಿಯಾ ಅರ್ಸುಲಾ ತಮ್ಮ ಕೈಯಾರೆ ಮಾಡಿ ಕಳುಹಿಸಿದ್ದ, ಎರಡು ವರ್ಷ ಹಳೆಯದಾದ ತೆಂಗಿನ ಸೇಂದಿಯ ವಿನೆಗರ್. ಅದಿಲ್ಲದೆ ಆ ಮನೆಯಲ್ಲಿ ಹಂದಿಮಾಂಸದ ಸೊರ್ಪೊತೆಲ್ ಒಲೆಗೆ ಏರುತ್ತಿರಲಿಲ್ಲ. ಮೂರು ಬಾಟಲಿಗಳಿದ್ದವು. ತಿನಾಬಾಯಿ ಸಂತೆಗೆ ಹೋದಾಗ ಎರಡು ಬಾಟಲಿ ವಿಜ್ಞಾನದ ಪಾಲಾದವು. ಕಾಲು ಬಾಟಲಿ ನಲ್ಲಿಗೆ, ಉಳಿದದ್ದೆಲ್ಲ ರೇಡಿಯೇಟರಿಗೆ.

ಮರುದಿನ ನಲ್ಲಿ ಬೆಳ್ಳಿಯ ಹಾಗೆ ಹೊಳೆಯಿತು. ಹನಿ ಎಣಿಸಿದರೆ ನಿಮಿಷಕ್ಕೆ ನಲವತ್ತು! ಇಷ್ಟು ದಿನ ಸೋರುವ ಬಿರುಕನ್ನು ಮುಚ್ಚಿಕೊಂಡು ಮಾನ ಕಾಪಾಡಿದ್ದು ಆ ಕಿಟ್ಟವೇ. ನಲ್ಲಿಯ ವಿಷಯದಲ್ಲಿ ಇದು ಮಾಸ್ತರರಿಗೆ ಹೊಳೆಯಿತು. ರೇಡಿಯೇಟರಿನ ವಿಷಯದಲ್ಲಿ ಹೊಳೆಯಲಿಲ್ಲ.

ಇನ್ನು ಹಾರ್ನು. ಬುಧವಾರ ಬಿಚ್ಚಿದರು, ತೊಳೆದರು, ಕೂಡಿಸಿದರು. ನಾಲ್ಕು ಬಿಡಿಭಾಗ ಹೆಚ್ಚಾಗಿ ಉಳಿದವು. ಅವನ್ನು ಬೆಂಕಿಪೊಟ್ಟಣದಲ್ಲಿ ಜೋಪಾನವಾಗಿ ಇಟ್ಟರು. ಅಲ್ಲಿಯವರೆಗೆ ಕೆಮ್ಮುತ್ತಿದ್ದ ಹಾರ್ನು ಮೌನವ್ರತ ಹಿಡಿಯಿತು.

ಆಗ ಕಪಾಟಿನ ಮೇಲಿನ ಒಂದು ವಸ್ತು ಕಣ್ಣಿಗೆ ಬಿತ್ತು: ಪಾವು ಮಾರುವ ಪೊದೇರ್ ರುಜಾರನ ಹಳೆಯ ರಬ್ಬರ್ ಹಾರ್ನು. ದಿನಾ ಬೆಳಿಗ್ಗೆ, ಸಂಜೆ ಸೈಕಲ್ಲಿನ ಬುಟ್ಟಿಯಲ್ಲಿ ಬಿಸಿ ಪಾವು, ದುಂಡನೆಯ ಪೊಯಿ ರೊಟ್ಟಿ ಹೇರಿಕೊಂಡು "ಪೊಂಯ್ ಪೊಂಯ್" ಎಂದು ಬರುವವನು ರುಜಾರ್. ತೇಪೆ ಹಾಕಿಕೊಡಿ ಎಂದು ಅವನು ಅದನ್ನು ಕೊಟ್ಟು, ಬೇರೊಂದು ಹಾರ್ನಿನಿಂದ ದಿನ ದೂಡತೊಡಗಿ ಮೂರು ತಿಂಗಳಾಗಿತ್ತು. ಮಾಸ್ತರರು ತೇಪೆ ಹಾಕಿ, ತಂತಿಯಿಂದ ಅದನ್ನು ಕಾರಿನ ಕಿಟಕಿಗೆ ಬಿಗಿದರು.

"ಇದು ಪೊದೇರನ ಹಾರ್ನಲ್ವಾ?" ತಿನಾಬಾಯಿ ಕೇಳಿದರು.

"ಶಬ್ದಕ್ಕೆ ಯಜಮಾನ ಇಲ್ಲ ತಿನಾ. ಅದು ಬರೀ ಗಾಳಿಯ ಕಂಪನ."

"ಊರವರ ಹೊಟ್ಟೆಗೆ ಆ ಪಾಠ ಯಾರು ಮಾಡಿದಾರೆ?"

ಮಾಸ್ತರರು ಮಾತಿಗಿಂತ ಪ್ರಯೋಗವನ್ನು ನಂಬುವವರು. ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ರಸ್ತೆಯಲ್ಲಿ ನಿಂತು ಇಪ್ಪತ್ತು ಸಲ ಹಾರ್ನು ಒತ್ತಿದರು. ಒಬ್ಬರೂ ಹೊರಗೆ ಬರಲಿಲ್ಲ. "ಫಲಿತಾಂಶ ತೃಪ್ತಿಕರ" ಎಂದು ಬರೆದುಕೊಂಡರು. ಮಧ್ಯಾಹ್ನ ಎರಡು ಗಂಟೆಗೆ ಇಡೀ ಕೇರಿ ಮೀನುಸಾರು ಉಂಡು ಗೊರಕೆ ಹೊಡೆಯುತ್ತಿರುತ್ತದೆ ಎಂಬ ಅಂಶ ಮಾತ್ರ ವರದಿಗೆ ಸೇರಲಿಲ್ಲ.

ಶನಿವಾರ ನಾಲ್ಕೂಕಾಲಿಗೆ ಲೊಟಲಿಯಿಂದ ಹೊರಟರು. ಮುಂದೆ ತಿನಾಬಾಯಿ. ಹಿಂದೆ ಎಂಬತ್ತೆರಡರ ತಿಯಾ ಅರ್ಸುಲಾ, ಒಂದು ಕೈಯಲ್ಲಿ ಜಪಸರ, ಇನ್ನೊಂದರಲ್ಲಿ ಕೊಡೆ. ಕಾರು ಬೆಣ್ಣೆಯಂತೆ ಓಡಿತು. ಮಾಸ್ತರರು ಸಣ್ಣಗೆ ಸಿಳ್ಳೆ ಹಾಕಿದರು.

ಕೇರಿಯ ಮೊದಲ ತಿರುವಿನಲ್ಲಿ ಪೊಂಯ್ ಎನಿಸಿದರು. ಒಬ್ಬ ಹೆಂಗಸು ಬಟ್ಟೆಚೀಲ ಹಿಡಿದು ಗೇಟಿಗೆ ಓಡಿಬಂದಳು.

"ಆರು ಪೊಯಿ ಕೊಡು... ಅಯ್ಯೋ, ಮಾಸ್ತರ್, ನೀವಾ? ಈ ವಯಸ್ಸಲ್ಲಿ ಬೇಕರಿ ಇಟ್ರಾ?"

ಎರಡನೆಯ ತಿರುವಿನಲ್ಲಿ ಐದು ಜನ. ಮೂರನೆಯದು ಏರು. ಅಲ್ಲಿ ಚೀಲ ಹಿಡಿದವರು ರಸ್ತೆಯನ್ನೇ ಅಡ್ಡಗಟ್ಟಿ ನಿಂತಿದ್ದರು. ಅವರನ್ನು ಸರಿಸಲು ಹಾರ್ನು ಒತ್ತಲೇಬೇಕು. ಒತ್ತಿದಷ್ಟೂ ಮನೆಗಳಿಂದ ಇನ್ನಷ್ಟು ಜನ. ಇಂಥ ಸಮೀಕರಣವನ್ನು ಮಾಸ್ತರರು ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಏರಿನ ನಡುವೆ ಕಾರು ನಿಂತಿತು. ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಎದ್ದಿತು. ಅದರ ಜೊತೆಗೆ ಒಂದು ಘಮ.

ಗುಂಪಿನಲ್ಲಿ ಯಾರೋ ಮೂಗರಳಿಸಿದರು. "ಪಾವಿನ ಜೊತೆ ಸೊರ್ಪೊತೆಲ್ಲೂ ತಂದಿದೀರಾ ಮಾಸ್ತರ್?"

ಹಿಂದಿನ ಸೀಟಿನಲ್ಲಿ ತಿಯಾ ಕಣ್ಣು ಮುಚ್ಚಿ ಉಸಿರೆಳೆದುಕೊಂಡರು. "ಇದು ನನ್ನ ವಿನೆಗರ್. ಎರಡು ವರ್ಷದ್ದು."

ತಿನಾಬಾಯಿ ನಿಧಾನವಾಗಿ ಗಂಡನ ಕಡೆ ತಿರುಗಿದರು. "ಎರಡು ಬಾಟಲಿ ಕಾಣ್ತಿಲ್ಲ ಅಂತ ನಾನು ಪಾಪ, ಕೆಲಸದವಳನ್ನ ಕೇಳ್ದೆ, ಬೋನಿ."

"ಕಿಟ್ಟ ಕರಗಿಸೋಕೆ..." ಎಂದು ಮಾಸ್ತರರು ಶುರುಮಾಡಿದರು. ಗಡಿಯಾರ ನಾಲ್ಕು ನಲವತ್ತು ತೋರಿಸುತ್ತಿತ್ತು. ಅವರ ಕಣ್ಣಿಗೆ ಗುಜರಿಯ ಲಾರಿ ಕಟ್ಟಿದಂತಾಯಿತು.

ಅಷ್ಟರಲ್ಲಿ ಏದುಸಿರು ಬಿಡುತ್ತ ನಿಜವಾದ ಪೊದೇರ್ ಬಂದ.

"ಯಾವನವನು ನನ್ನ ಹೊಟ್ಟೆ ಮೇಲೆ ಹೊಡೆಯೋನು? ಕೇರಿ ತುಂಬಾ ಪೊದೇರ್ ಕಾರಲ್ಲಿ ಹೋದ ಅಂತಿದಾರೆ!" ಆಮೇಲೆ ಅವನ ಕಣ್ಣು ಕಿಟಕಿಗೆ ಹೋಯಿತು. "ಓಹೋ. ಮೂರು ತಿಂಗಳಿಂದ ತೇಪೆ ಹಾಕ್ತಾ ಇರೋ ಹಾರ್ನು."

"ರುಜಾರ್, ಅದೇನಾಯ್ತು ಅಂದ್ರೆ..."

"ಇರಿ ಮಾಸ್ತರ್, ಮೊದಲು ವ್ಯಾಪಾರ." ನಲವತ್ತು ಗಿರಾಕಿಗಳು ಒಂದೇ ಕಡೆ, ಅದೂ ಏರು ಪೂರ್ತಿ ಹತ್ತುವ ಮೊದಲೇ ಸಿಕ್ಕಿದ್ದರು. ಹತ್ತೇ ನಿಮಿಷದಲ್ಲಿ ಬುಟ್ಟಿ ಖಾಲಿಯಾಯಿತು, ಅವನ ಕೋಪವೂ. ಆಮೇಲೆ ಅವನು ತಣ್ಣಗಾದ ರೇಡಿಯೇಟರಿನಲ್ಲಿ ಇಣುಕಿ ನೋಡಿ, ಪಕ್ಕದ ಮನೆಯಿಂದ ಬಟ್ಟೆಸೋಪು ಕೇಳಿ ತಂದು, ತೂತಿಗೆ ಮೆತ್ತಿ, ಒಂದು ಕೊಡ ನೀರು ತುಂಬಿದ.

"ನಮ್ಮ ಬೇಕರಿ ಟೆಂಪೊಗೆ ಇದೇ ಔಷಧ. ಶಿಲುಬೆವರೆಗೂ ತಡ್ಕೊಳುತ್ತೆ. ಎಲ್ರೂ ಒಂದು ಕೈ ಹಾಕಿ."

ಎಡಗೈಯಲ್ಲಿ ಪಾವಿನ ಚೀಲ, ಬಲಗೈ ಕಾರಿನ ಮೇಲೆ. ಇಡೀ ಕೇರಿ ತಳ್ಳಿತು. ಏರು ಮುಗಿದು ಇಳಿಜಾರು ಸಿಗುತ್ತಲೇ ಎಂಜಿನ್ ಗುಟುರು ಹಾಕಿತು.

"ತಳ್ಳಿದ್ದಾಯ್ತು," ಎಂದರು ತಿನಾಬಾಯಿ, ಮುಂದಕ್ಕೆ ನೋಡುತ್ತ. ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ.

ಹಿಂದಿನಿಂದ ಕೊಡೆಯ ತುದಿ ಅವರ ಭುಜಕ್ಕೆ ತಾಗಿತು. "ಏನು, ಪಂದ್ಯ ಕಟ್ಟಿದ್ರಾ? ಹೇಳು ನೋಡೋಣ."

"ನಾವ್ಯಾರೂ ಇಳಿದು ತಳ್ಬಾರ್ದು ಅಂತ, ತಿಯಾ."

"ನಾನು ಇಳಿದ್ನಾ? ನೀನು ಇಳಿದ್ಯಾ? ಇವನು ಇಳಿದ್ನಾ? ಅವರು ಪಾವು ತಗೊಳ್ಳೋಕೆ ಬಂದೋರು. ತಳ್ಳಿದ್ದು ಅವರ ಪುಣ್ಯ. ನಡಿ ಪುತಾ, ಲದಾಯ್ನ್‌ಗೆ ಹೊತ್ತಾಯ್ತು."

ತಿನಾಬಾಯಿ ಕಿಟಕಿಯ ಕಡೆ ಮುಖ ತಿರುಗಿಸಿದರು. ಮದುವೆಯ ದಿನವೂ ಅವರು ಇದೇ ಕಿಟಕಿಯ ಕಡೆ ತಿರುಗಿಯೇ ನಕ್ಕಿದ್ದರೆಂಬುದು ಮಾಸ್ತರರಿಗೆ ನೆನಪಾಯಿತು. ಐದಕ್ಕೆ ಒಂದು ನಿಮಿಷವಿರುವಾಗ ಕಾರು ಶಿಲುಬೆಯ ಮುಂದೆ ನಿಂತಿತು. ತಿಯಾ ಕಂಠವೆತ್ತಿ ಹಾಡಿದರು. ಆಮೇಲೆ ಎಲ್ಲರಿಗೂ ಹಂಚಿದ ಬೇಯಿಸಿದ ಕಡಲೆಯನ್ನು ಮೆಲ್ಲುತ್ತ ಅಳಿಯನಿಗೆ ಶಿಕ್ಷೆ ವಿಧಿಸಿದರು: ಬರುವ ವಾರ ಲೊಟಲಿಗೆ ಬಂದು ಹೊಸ ವಿನೆಗರಿಗೆ ಸೇಂದಿ ಸೋಸಿಕೊಡಬೇಕು. ಕಾರಿನಲ್ಲೇ ಬರಬೇಕು.

ಭಾನುವಾರ ಬೆಳಿಗ್ಗೆ ತಿನಾಬಾಯಿ ಮಾಸ್ತರರ ನೋಟ್‌ಬುಕ್ಕಿನಲ್ಲಿ ತಾವೇ ಬರೆದರು. ಕಾರು: ಇರಲಿ. ನಲ್ಲಿ: ಪ್ಲಂಬರ್. ರೇಡಿಯೇಟರ್: ಮೆಕ್ಯಾನಿಕ್. ಹಾರ್ನು: ಬೆಂಕಿಪೊಟ್ಟಣದ ಸಮೇತ ಮೆಕ್ಯಾನಿಕ್.

ಮಾಸ್ತರರು ಅದನ್ನು ಓದುತ್ತಿದ್ದಾಗ ಹೊರಗೆ ಪೊಂಯ್ ಪೊಂಯ್ ಕೇಳಿಸಿತು. ಚೀಲ ಹಿಡಿದು ಗೇಟಿಗೆ ಹೋದರು. ರುಜಾರ್ ತುಂಬಿದ ಬುಟ್ಟಿಯ ಪಕ್ಕ ಬಾಡಿದ ಮುಖ ಹೊತ್ತು ನಿಂತಿದ್ದ.

"ಏನಾಯ್ತು ರುಜಾರ್?"

"ಅರ್ಧ ಗಂಟೆಯಿಂದ ಒತ್ತುತ್ತಾ ಇದೀನಿ ಮಾಸ್ತರ್. ಒಂದು ಬಾಗಿಲೂ ತೆರೀಲಿಲ್ಲ. ಮತ್ತೆ ನೀವೇ ಬಂದಿರಿ ಅಂದ್ಕೊಂಡು ಎಲ್ರೂ ಒಳಗೇ ಕೂತಿದಾರೆ."

ಹಾಗಾಗಿ ಆ ಬೆಳಿಗ್ಗೆ, ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದ ಬೋನಿಫಾಸ್ ಕೊಲಾಸೊ ಮಾಸ್ತರರು ಪೊದೇರನ ಸೈಕಲ್ಲಿನ ಮುಂದೆ ಮುಂದೆ ನಡೆಯುತ್ತ, ಮನೆಮನೆಯ ಗೇಟಿನಲ್ಲೂ ನಿಂತು, ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ದನಿಯಲ್ಲಿ ಕೂಗಿದರು:

"ಈ ಸಲ ನಿಜವಾಗ್ಲೂ ಪಾವು! ನಾನು ಬರೀ ಹಾರ್ನು!"