ಮಾವನ ಕಾಲಿಗೆ ಕೊಬ್ಬರಿ

ನಮ್ಮ ಸೋದರಮಾವ ಈ ಭೂಮಿ ಮೇಲೆ ನಂಬುತ್ತಿದ್ದುದು ಒಂದೇ ಒಂದು ದನಿಯನ್ನು: ಕಾಯೊಳಗಿನ ಕೊಬ್ಬರಿಯದು! ಡಾಕ್ಟರು, ಜ್ಯೋತಿಷಿ, ರೇಡಿಯೋ, ಹೆಂಡತಿ ಎಲ್ಲರೂ ಸುಳ್ಳು ಹೇಳಬಹುದು, ಕೊಬ್ಬರಿ ಹೇಳುವುದಿಲ್ಲ. ತುಮಕೂರು ಸೀಮೆಯ ಕಡಬದ ಮನೆಯ ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕಿವಿಗೆ ಹಿಡಿದು ಕುಲುಕುತ್ತಿದ್ದರು. ಲೊಡಲೊಡ ಅಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ. ಸುಮ್ಮನಿದ್ದರೆ ವಾಪಸ್ ಅಟ್ಟಕ್ಕೆ.

ಇಂಥವರಿಗೆ ಲಕ್ವ ಹೊಡೆಯಿತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ತುಮಕೂರಿನಲ್ಲಿ ಬಿ.ಎಸ್ಸಿ. ಓದುತ್ತಾ, ಚರ್ಚಾಸ್ಪರ್ಧೆಗಳಲ್ಲಿ ದೇವರಿಂದ ಹಿಡಿದು ಹಾಸ್ಟೆಲ್ ಸಾರಿನವರೆಗೆ ಎಲ್ಲವನ್ನೂ ಖಂಡಿಸಿ ಕಪ್ಪು ಗೆಲ್ಲುತ್ತಿದ್ದೆ. ರಜಕ್ಕೆ ಕಡಬಕ್ಕೆ ಹೋದರೆ ಮಾವನ ಎಡಗಾಲು ನೆಲ ಗುಡಿಸುತ್ತಿದೆ. ಅದು ಎಲ್ಲಿದೆಯೆಂದು ಅವರಿಗೇ ತಿಳಿಯದು! ಭಾರವೆಲ್ಲ ಅತ್ತೆಯ ಹೆಗಲ ಮೇಲೆ. ಆರು ತಿಂಗಳಲ್ಲಿ ಆ ಹೆಗಲು ಊದಿ, ಬಿಂದಿಗೆ ಎತ್ತಲಾಗದಂತಾಗಿತ್ತು.

"ಯುಗಾದಿ ಒಳಗೆ ಇವಳ ಹೆಗಲು ಬುಡ್ತೀನಿ," ಎಂದು ಮಾವ ಶಪಥ ಮಾಡಿದರು. ಮಾಡಿ, ಸಿಪ್ಪೆ ಸುಲಿದ ಒಣಕಾಯೊಂದನ್ನು ಎಡಗಾಲಿಗೆ ಕಟ್ಟಿಕೊಂಡರು!

"ಇದೇನು ಮಾವ, ನಾಟಕದ ಗೆಜ್ಜೆನಾ?"

"ಕಾಲು ಎತ್ತಿ ಇಟ್ರೆ ಕೊಬ್ಬರಿ ಕೂಗ್ತದೆ. ಎಳೆದ್ರೆ ಸುಮ್ಕಿರ್ತದೆ. ಕಾಲಂತೂ ಏನೂ ಹೇಳಾಕಿಲ್ಲ, ಕಾಯಾದ್ರೂ ಹೇಳ್ಲಿ ಬುಡು."

ನಾನು ವೇದಿಕೆ ಹತ್ತಿಯೇಬಿಟ್ಟೆ. "ಕೆಟ್ಟಿರೋದು ಮೆದುಳು, ನೀವು ಕಟ್ಟಿರೋದು ಕಾಲಿಗೆ. ಕರೆಂಟು ಹೋದ್ರೆ ಬಲ್ಬಿಗೆ ಮಂಗಳಾರತಿ ಎತ್ತಿದ ಹಾಗಾಯ್ತು!"

"ಮೆದುಳಿಗೆ ಕಟ್ಟಾಕಾಯ್ತದೇನ್ಲಾ?"

ಸರಿ, ಪರೀಕ್ಷೆಯೇ ಆಗಲಿ ಎಂದೆ. ಕಾಯಿ ಬಿಚ್ಚಿ ಹತ್ತು ಹೆಜ್ಜೆ, ಕಟ್ಟಿ ಹತ್ತು ಹೆಜ್ಜೆ. ಬಿಚ್ಚಿದಾಗ ಮಣ್ಣಿನ ಮೇಲೆ ಉದ್ದಕ್ಕೂ ಗೀರು. ಕಟ್ಟಿದಾಗ ಎರಡೋ ಮೂರೋ. ಅಷ್ಟಕ್ಕೇ ಸೋಲೊಪ್ಪುವುದೇ? "ಇದು ಕಾಯಿ ಮಹಿಮೆಯಲ್ಲ ಮಾವ, ನೀವು ಕಾಲಿನ ಮೇಲೆ ಗಮನ ಇಟ್ರಿ, ಅಷ್ಟೆ."

"ಕಳ್ದೋಗಿದ್ದಿದ್ದು ಅದೇ ಅಲ್ವೇನ್ಲಾ ಮತ್ತೆ!"

ಕಪ್ಪು ಗೆದ್ದವನು ಬಗ್ಗಿ, ಸಡಿಲವಾಗಿದ್ದ ಕಾಯಿಯ ಗಂಟು ಬಿಗಿದೆ.

ಕಣ್ಣಿಗೂ ಸಾಕ್ಷಿ ಬೇಕೆಂದು ಮಾವ ಬೀರುವಿನ ಕನ್ನಡಿ ಬಿಚ್ಚಿಸಿ ಪಡಸಾಲೆಯ ಗೋಡೆಗೆ, ನೆಲಮಟ್ಟಕ್ಕೆ ಒರಗಿಸಿದರು. ಅತ್ತೆ ಕುಂಕುಮ ಇಟ್ಟುಕೊಳ್ಳಲು ಕುಕ್ಕರಗಾಲಲ್ಲಿ ಕೂರಬೇಕಾಯಿತು. "ಈ ಮನೇಲಿ ಮುಖಕ್ಕಿಂತ ಕಾಲಿಗೇ ಸಿಂಗಾರ ಜಾಸ್ತಿ!" ಎಂದು ಗೊಣಗುತ್ತಿದ್ದರು.

ಒಂದು ದಿನ ಬೀದಿಯಲ್ಲಿ ಹೋಗುತ್ತಿದ್ದ ಕೊಬ್ಬರಿ ದಲ್ಲಾಳಿ ಲೊಡಲೊಡ ಕೇಳಿ ಒಳಗೇ ನುಗ್ಗಿದ. "ಏನ್ ಗೌಡ್ರೇ, ಮಾಲು ಬಲಿತಂಗೈತೆ? ತೆಗೀರಿ, ನೋಡಾನ!"

ಮಾವ ಪಂಚೆ ಎತ್ತಿ ಕಾಲು ತೋರಿಸಿದರು. "ಇನ್ನೂ ಹಸಿ ಐತೆ. ಯುಗಾದಿಗೆ ಬಾ!"

ಯುಗಾದಿಯ ಬೆಳಿಗ್ಗೆ ಮಾವ ಹಿತ್ತಲ ಬಾಗಿಲಿಂದ ಬಾವಿಕಟ್ಟೆಯವರೆಗೆ ಯಾರನ್ನೂ ಹಿಡಿಯದೆ ನಡೆದರು. ಅತ್ತೆ ಒಂದು ಗೇಣು ಹಿಂದೆ, ಮುಟ್ಟದೆ, ಕೈ ಚಾಚಿಕೊಂಡೇ ಬಂದರು. ಕಟ್ಟೆ ತಲುಪಿದ ಮೇಲೆ ಮಾವ ತಿರುಗಿ, "ಏನೇ, ಹಗುರಾಯ್ತಾ?" ಅಂದರು.

ಅತ್ತೆ ಹೆಗಲು ಸವರಿಕೊಂಡರು. "ಆಯ್ತು ಕಣ್ರೀ. ಆದ್ರೆ... ಏನೋ ಎಲ್ಲೋ ಬುಟ್ಟು ಬಂದಂಗೈತೆ."

ಮಾವ ಅವರ ಊತವಿಲ್ಲದ ಇನ್ನೊಂದು ಹೆಗಲ ಮೇಲೆ, ಒಂದಿಷ್ಟೂ ಭಾರ ಬಿಡದೆ, ಕೈಯಿಟ್ಟರು. "ನಡಿ ನಡಿ, ಹೋಗೋವಾಗ ಇಳಿಜಾರೈತೆ."

ಹಿತ್ತಲು ಅಂಗೈಯಷ್ಟು ಸಪಾಟಾಗಿತ್ತು. ನಾನು ವಾದಿಸಲಿಲ್ಲ.