ಎಂಜಿನ್ ಎತ್ತುವ ಸಾಮಾನು

ಕೆಲವು ಸಾಮಾನುಗಳು ಎಲ್ಲರ ಮನೆಯಲ್ಲೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಉದ್ದದ ಏಣಿ ಒಬ್ಬರಲ್ಲಿದ್ದರೆ ಮದುವೆಯ ಹಂಡೆ ಇನ್ನೊಬ್ಬರಲ್ಲಿ. ಬೇಕಾದವರು ಕೇಳಿ ಒಯ್ಯುತ್ತಾರೆ. ಮರಳಿಸಲು ಮರೆತರೆ ನಾವೇ ಹೋಗಿ, ಕಾಫಿ ಕುಡಿದು, ಹೊತ್ತು ತರುತ್ತೇವೆ. ಆದರೆ ಕಾರಿನ ಎಂಜಿನ್ ಎತ್ತುವ ಸಾಮಾನು ಮಾತ್ರ ಆಗ ಹೊನ್ನಾವರದಲ್ಲಿ ಯಾರ ಮನೆಯಲ್ಲೂ ಇರಲಿಲ್ಲ.

ಅದು ಬೇಕಾದದ್ದು ನನ್ನ ಭಾವನಿಗೆ. ಎರಡನೇ ಮಹಾಯುದ್ಧಕ್ಕೂ ಮೊದಲಿನ ಅವನ ವಿಲಾಯತಿ ಕಾರು ಮನೆಗೆ ಬಂದದ್ದೇ ಎತ್ತು ಕಟ್ಟಿ ಎಳೆಸಿಕೊಂಡು. ಆ ದಿನವೇ ಅವನು, ದೀಪಾವಳಿಗೆ ಕುಮಟೆಯ ತವರಿಗೆ ಇದರಲ್ಲೇ ಕರೆದೊಯ್ಯುತ್ತೇನೆಂದು ಅಕ್ಕನಿಗೆ ಮಾತು ಕೊಟ್ಟುಬಿಟ್ಟ. ಅಕ್ಕ ಆ ಮಾತನ್ನು ಬಿಗಿಯಾಗಿ ಹಿಡಿದಳು. ಕಾರು ಹೊರಡದಿದ್ದರೆ ತಾನೂ ಹೊರಡುವುದಿಲ್ಲ, ಬಸ್ಸಂತೂ ಹತ್ತುವುದಿಲ್ಲ. ಹಿಂದಿನ ವರ್ಷದ ಹಬ್ಬ ಹಾಗೆಯೇ ಕಳೆದಿತ್ತು. ಕುಮಟೆಯಲ್ಲಿ ನಮ್ಮನ್ನು ಹೆತ್ತ ಆಯಿ ಬಾಗಿಲು ನೋಡುತ್ತ ಕೂತಿದ್ದಳು. ಈ ಸಲ ಎಂಜಿನ್ ಹೊರತೆಗೆದು ರಿಪೇರಿ ಮಾಡದೆ ಗತಿಯಿರಲಿಲ್ಲ.

ನಾನು ಬಿ.ಎಸ್ಸಿ. ಮುಗಿಸಿ ಅಕ್ಕನ ಮನೆಯಲ್ಲಿದ್ದವನು. ಮೂರು ಕಂಬ ನೆಟ್ಟು, ಸರಪಳಿ ಕಪ್ಪಿ ತೂಗಿಸಿ ಎತ್ತುವುದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಭಾವ ಕಾಗದ ನೋಡಲಿಲ್ಲ, ಮನೆಯ ಹಿಂದೆ ಸಮುದ್ರದ ಉಬ್ಬರಕ್ಕೆ ಏರಿಳಿಯುವ ಶರಾವತಿಯನ್ನು ನೋಡಿದ.

“ಹುಣ್ಣಿಮೆ ಭರತಿ ಬತ್ತಾ ಇದ್ದು ಮಾಣಿ. ಸಮುದ್ರವೇ ಎತ್ತಿ ಕೊಡ್ತು. ನೀ ಎಂತಕ್ಕೆ ಬೆವರ್ತೆ?”

ಹಂಚು ಸಾಗಿಸುವ ಒಂದು ಮಚವೆ ದೋಣಿಯನ್ನು, ಅದನ್ನು ನಡೆಸುವ ತಾಂಡೇಲನ ಸಮೇತ, ಹಿತ್ತಿಲಲ್ಲಿ ದೋಣಿ ತಂಗುವ ಧಕ್ಕೆಗೆ ಕರೆಸಿದ. ಹಾಯಿ ಕಟ್ಟುವ ಅಡ್ಡಮರವನ್ನು ದಡದತ್ತ ಚಾಚಿದರು, ದೋಣಿ ವಾಲದಂತೆ ಆಚೆ ಬದಿಗೆ ಹಂಚು ಪೇರಿಸಿದರು. ಕಾರನ್ನು ಮೂತಿ ನೀರಿನ ಕಡೆಗಿರುವಂತೆ ನಿಲ್ಲಿಸಿ ಎಂಜಿನ್ನನ್ನು ಅಡ್ಡಮರಕ್ಕೆ ಬಿಗಿದರು. ಭರತಿ ಏರಿದಂತೆ ದೋಣಿ ಏರಬೇಕು, ದೋಣಿಯೊಡನೆ ಎಂಜಿನ್ ಏರಬೇಕು. ಮೂತಿ ಹಗುರಾಗಿರಲೆಂದು ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು.

ನೀರು ಏರಿತು. ಎದುರುಗಾಜಿನಲ್ಲಿ ನನಗೆ ಮೊದಲು ದೋಣಿ ಕಾಣುತ್ತಿತ್ತು, ಆಮೇಲೆ ಆಚೆ ದಡದ ತೆಂಗಿನ ತಲೆಗಳು, ಆಮೇಲೆ ಬರೀ ಆಕಾಶ. ಎಂಜಿನ್ನಿನ ಜೊತೆಗೆ ಕಾರೂ ಏಳುತ್ತಿತ್ತು! ಗೇರ್‌ಪೆಟ್ಟಿಗೆಯ ಕೆಳಗಿನ ಒಂದು ಬೋಲ್ಟು ಬಿಚ್ಚಲು ಮರೆತಿದ್ದರು. ಹಗ್ಗ ಕಿರುಗುಟ್ಟಿತು. ಹಗ್ಗ ಕಡಿಯಲೇ ಎಂದು ತಾಂಡೇಲ ಕೇಳುತ್ತಿದ್ದ. ನಾನು ಇಳಿಯಲು ಬಾಗಿಲಿಗೆ ಕೈಹಾಕಿದೆ. ಆಗ ಭಾವನ ದನಿ ಕೇಳಿತು, ಕಾರಿನ ಅಡಿಯಿಂದ.

“ಏಳಡ ಮಾಣಿ, ಏಳಡ. ಒಳ್ಳೇದೇ ಆತು. ಈಗ ಕೈ ಸಮಾ ಎಟಕ್ತಾ ಇದ್ದು.”

ಸನ್ನೆಗೋಲಿನ ನಿಯಮ ನನಗೆ ಚಿತ್ರಸಮೇತ ನೆನಪಾಯಿತು, ನಾನು ಇಳಿದರೆ ಮೂತಿ ಭಾವನ ಮೇಲೆ ಕೂರುತ್ತದೆಯೇ ಎಂಬುದರ ಉತ್ತರ ಮಾತ್ರ ನೆನಪಾಗಲಿಲ್ಲ. ಉಸಿರು ಬಿಟ್ಟರೆ ತೂಕ ಕಡಿಮೆಯಾದೀತೆಂದು ಉಸಿರನ್ನೂ ಹಿಡಿದೆ. ಕೆಳಗೆ ಸ್ಪಾನರ್ ತಿರುಗುವ ಸದ್ದು. ಅಕ್ಕ ಹಿತ್ತಿಲ ಮೆಟ್ಟಿಲ ಮೇಲೆ ನಿಂತು, ತಾನು ಬಸ್ಸಿನಲ್ಲೇ ಬರುತ್ತೇನೆ, ಹೊರಗೆ ಬನ್ನಿ ಎಂದು ಅಳುತ್ತಿದ್ದಳು.

ಬೋಲ್ಟು ಬಿಟ್ಟಿತು. ಎಂಜಿನ್ ಮೇಲಕ್ಕೆ ಚಿಮ್ಮಿತು, ಕಾರು ಧೊಪ್ಪೆಂದು ನೆಲಕ್ಕೆ ಬಿತ್ತು. ಆಮೇಲೆ ಯಾರ ಸದ್ದೂ ಇಲ್ಲ. ಈಗಲೂ ಎಲ್ಲಾದರೂ ಭಾರದ ವಸ್ತು ಬಿದ್ದರೆ ನಾನು ಆ ಮೌನವನ್ನೇ ಮತ್ತೆ ಕೇಳುತ್ತೇನೆ. ನೋಡುತ್ತಿದ್ದಂತೆ, ಎಂಜಿನ್ ಇದ್ದ ತೂತಿನಿಂದ ಭಾವನ ತಲೆ ನಿಧಾನವಾಗಿ ಮೇಲೆ ಬಂತು. ಮುಖದ ತುಂಬ ಗ್ರೀಸು, ಕೈಯಲ್ಲಿ ಬೋಲ್ಟು. ಅವನು ಅಕ್ಕನ ಕಡೆ ತಿರುಗಿ, ಬಸ್ಸಿನ ಮಾತು ಯಾರಾಡಿದ್ದೆಂದು ಕೇಳಿದ.

ರಿಪೇರಿ ಮುಗಿದು ಎಂಜಿನ್ ಮರಳಿ ಕೂತದ್ದು ಅಮಾವಾಸ್ಯೆಯ ಇಳಿತದಲ್ಲಿ. ನೀರು ಇಳಿದಂತೆ ಅದು ಬೆರಳು ಬೆರಳಾಗಿ ಇಳಿದು, ಮಗು ತೊಟ್ಟಿಲಿಗೆ ಇಳಿದಂತೆ ತನ್ನ ಜಾಗ ಸೇರಿತು. ಹಿಂದಿನ ಸೀಟಿನಲ್ಲಿ ಆಗಲೂ ನಾನೇ ಇದ್ದೆ. ಪಾಡ್ಯದ ದಿನ ನಾವು ಹಾರನ್ ಬಾರಿಸುತ್ತ ಕುಮಟೆ ಹೊಕ್ಕೆವು. ಆಯಿ ಆರತಿ ಎತ್ತಿದ್ದು ಮಗಳಿಗೋ ಕಾರಿಗೋ ತಿಳಿಯಲಿಲ್ಲ.

ಕೂಡಿದವರಿಗೆಲ್ಲ ಭಾವ ವಿವರಿಸಿದ: ಎಂಜಿನ್ ಎತ್ತುವ ಸಾಮಾನೆಂದರೆ ಒಂದು ಮಚವೆ, ಒಂದು ಹಗ್ಗ, ಒಂದು ಭರತಿ, ಮತ್ತೆ “ಈ ಮಾಣಿ”. ಸುದ್ದಿ ಹಬ್ಬಿತು. ಮುಂದಿನ ಹುಣ್ಣಿಮೆಗೆ, ಹಳೆಯ ಕಾರೊಂದನ್ನು ಇಟ್ಟುಕೊಂಡಿದ್ದ ಭಟ್ಕಳದ ಗೃಹಸ್ಥರೊಬ್ಬರು ಆ ಸಾಮಾನುಗಳನ್ನು ಎರಡು ದಿನದ ಮಟ್ಟಿಗೆ ಎರವಲು ಕೇಳಿ ಕಳಿಸಿದರು. ಮಚವೆ ಹಂಚು ಹೇರಿಕೊಂಡು ಹೋಗಿತ್ತು, ಹಗ್ಗವೂ ಅದರ ಜೊತೆಗೇ ಹೋಗಿತ್ತು. ಮನೆಯಲ್ಲಿ ಖಾಲಿ ಇದ್ದದ್ದು ನಾನೊಬ್ಬನೇ, ಭಾವ ಕಳಿಸಿಕೊಟ್ಟ.